ಎರಡನೆಯ ಮುಳುಗು

ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದ ದಿನ, ಇನ್ನು ಸೇಂದಿ ಮುಟ್ಟುವುದಿಲ್ಲವೆಂದು ಓಬಳೆಪ್ಪ ದೇವರಿಗೆ ಮಾತು ಕೊಟ್ಟಿದ್ದ. ಅದಾಗಿ ಎಷ್ಟೋ ವರ್ಷಗಳ ಮೇಲೆ, ನಿಜಾಮರ ಸುಂಕದ ನಾಕೆ ದಾಟಿ ಬಾಳೆಹಣ್ಣಿನ ಬುಟ್ಟಿ ಹೊತ್ತು ಆನೆಗೊಂದಿಯ ದಂಡೆಯಲ್ಲಿ ಹರಿಗೋಲಿಗೆ ಕಾಯುತ್ತಿದ್ದ ಕಳಕಮ್ಮನ ಕಿವಿಗೆ ಆ ಸಂಗತಿ ಬಿತ್ತು. ಅವಳ ಮುಂದೆಯೇ ಓಬಳೆಪ್ಪನೂ ಅವನ ಕ್ರೈಸ್ತ ಸಭೆಯ ಉಪದೇಶಿ ಶಾಂತಪ್ಪನೂ ನಿಂತಿದ್ದರು.

“ಉಪದೇಶಿಗಳ, ಇನ್ನೊಮ್ಮೆ ಮುಳುಗಿಸ್ರಿ. ಹಳೇ ಸ್ನಾನ ಕೆಟ್ಟೈತಿ.”

“ಯಾಕೋ?”

“ನಿನ್ನೆ ಮತ್ತ ಕುಡದೆ. ನಾಳಿ ಸಭಿಯಾಗ ಪ್ರಭುವಿನ ರೊಟ್ಟಿಗೆ ಯಾವ ಮುಖ ಇಟ್ಕೊಂಡು ಕೈ ಒಡ್ಡಲಿ?”

“ಕುಡದಾಗೊಮ್ಮೆ ಮುಳುಗಿಸಾಕ ನೀ ಏನು ಎಮ್ಮೀನ?”

ಕಳಕಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಓಬಳೆಪ್ಪ ನಗಲಿಲ್ಲ.

“ದೇವರು ನನ್ನ ಕೈ ಬಿಟ್ಟಾನ್ರಿ.”

“ಅವತ್ತು ನೀರಾಗ ಹೆದರಿ ನನ್ನ ಕೈ ಕೊಡವಿ ಬಿಟ್ಟಿದ್ದಿ. ನೆನಪೈತಿ?”

“ಐತ್ರಿ.”

“ಮತ್ತ ಹೆಂಗ ಉಳದಿ?”

“ನೀವು ನನ್ನ ರಟ್ಟಿ ಬಿಗಿಯಾಗಿ ಹಿಡದಿದ್ರಿ.”

“ಬರೇ ಮನುಷ್ಯ ಆದ ನಾನ ಬಿಡಲಿಲ್ಲ. ದೇವರು ಬಿಡ್ತಾನ?”

ಓಬಳೆಪ್ಪ ತನ್ನ ರಟ್ಟೆಯನ್ನೇ ನೋಡಿಕೊಂಡ. ರುಮಾಲು ತೆಗೆದು ಹೊಳೆಯತ್ತ ತಿರುಗಿ, ಎದುರಿಗೆ ನಿಂತವರಿಗೆ ಹೇಳುವಂತೆ ಹೇಳಿದ: “ಯಪ್ಪಾ, ಮಾತು ತಪ್ಪೇನಿ. ಕ್ಷಮಾ ಮಾಡು. ನಾ ಬಿಟ್ರೂ ನೀ ಬಿಡಬ್ಯಾಡ.”

ಕಳಕಮ್ಮನಿಗೆ ಮೈ ಜುಮ್ಮೆಂದಿತು. ಬುಟ್ಟಿ ಇಳಿಸಿ, ಯಾರಿಗೆಂದು ತನಗೇ ತಿಳಿಯದೆ ಕೈ ಮುಗಿದಳು.

ಆಚೆ ದಂಡೆಯಲ್ಲಿ ಹರಿಗೋಲು ಇಳಿದವರ ದಾರಿ ಸೇಂದಿ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಒಳಗಿಂದ ಯಾರೋ ಓಬಳೆಪ್ಪನ ಹೆಸರು ಹಿಡಿದು ಕೂಗಿದರು. ಅವನು ನಿಲ್ಲದೆ ಉಪದೇಶಿಯ ಹಿಂದೆ ನಡೆದುಹೋದ. ಅಂದು ಮಾತು ಉಳಿಯಿತು.