ಬೆಂಡೆಯ ತುದಿ ಮುರಿದ ಬೆರಳು

ಶರಣರೆ, ತಾಯಂದಿರೆ, ಇವತ್ತು ದಾನದ ಬಗ್ಗೆ ಹೇಳು ಎಂದಿದ್ದಾರೆ ಹಿರಿಯರು. ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ನಿಮ್ಮ ಬಲಗೈ ಒಮ್ಮೆ ನೋಡಿಕೊಳ್ಳಿ. ಹೆಬ್ಬೆರಳು, ತೋರುಬೆರಳು. ಈ ಎರಡು ಬೆರಳು ಸೇರಿ ಒಂದು ಹೊಲವನ್ನು ಹಾಳುಗೆಡವಬಲ್ಲವು ಎಂದರೆ ನಂಬುತ್ತೀರಾ? ನಂಬುವುದಿಲ್ಲ. ಹಾಗಾದರೆ ಕೇಳಿ.

ಹೀಗೇ ಇದ್ದ ಒಂದು ಊರು, ಊರಿಗೊಬ್ಬ ಸಾಹುಕಾರ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಒಡೆಯ. ಸಾಹುಕಾರ ಎಂದೊಡನೆ ಕೆಟ್ಟವನು ಎಂದುಕೊಳ್ಳಬೇಡಿ. ಮಠದ ಪಡಸಾಲೆಗೆ ಕಲ್ಲು ಹಾಸಿಸಿದವನು ಅವನು. ಶ್ರಾವಣ ಬಂದರೆ ದಾಸೋಹಕ್ಕೆ ಜೋಳದ ಚೀಲ ಕಳಿಸುವವನು. ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದವನಲ್ಲ. ಅವನಿಗೆ ಇದ್ದದ್ದು ಒಂದೇ ಹೆಮ್ಮೆ. ಜಿನ್ನಿನದಲ್ಲ, ಮಹಡಿ ಮನೆಯದಲ್ಲ. ಬೆಂಡೆಕಾಯಿ ಆರಿಸುವುದರದ್ದು!

ನಗುತ್ತೀರಲ್ಲ, ನಗಿ. ಆಮೇಲೆ ನೋಡೋಣ.

ಪ್ರತಿ ಸಂತೆಗೂ ಸಾಹುಕಾರ ತಾನೇ ಚೀಲ ಹಿಡಿದು ಹೋಗುತ್ತಿದ್ದ. ಕೆರೆಯ ಹಿಂದೆ ಇಪ್ಪತ್ತು ಗುಂಟೆ ಇಟ್ಟುಕೊಂಡು ಕಾಯಿಪಲ್ಲೆ ಬೆಳೆಯುವ ಒಬ್ಬ ಮುದುಕಿ ಇದ್ದಳು. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಅವಳ ಗುಡ್ಡೆಯ ಮುಂದೆ ಸಾಹುಕಾರ ಕುಕ್ಕರಗಾಲಲ್ಲಿ ಕೂರುವನು. ಒಂದು ಬೆಂಡೆ ಎತ್ತುವನು, ತುದಿ ಮುರಿಯುವನು. ಚಟ್ ಎಂದರೆ ಎಳೆಯದು, ಚೀಲಕ್ಕೆ. ಚಟ್ ಎನ್ನದೆ ಬಾಗಿ ತುದಿ ಜೋತಿತೋ, ಬಲಿತದ್ದು, ಗುಡ್ಡೆಗೆ ವಾಪಸ್ಸು. ಎಳೆಯದೇ ಆದರೂ ಸ್ವಲ್ಪ ಡೊಂಕಿದ್ದರೆ ಅದೂ ವಾಪಸ್ಸು. ಚಟ್, ಚಟ್, ಚಟ್. ಅವನು ಎದ್ದು ಹೋಗುವಾಗ ಚೀಲದಲ್ಲಿ ಒಂದು ಹಿಡಿ, ಗುಡ್ಡೆಯಲ್ಲಿ ಮೂಗು ಮುರಿದುಕೊಂಡ ಮೂರು ಹಿಡಿ.

"ಸಾವ್ಕಾರ್ರ, ಮುರೀಬ್ಯಾಡ್ರಿ. ಕೈಲೆ ಮುಟ್ಟಿದ್ರ ಗೊತ್ತಾಗ್ತದ," ಎನ್ನುವಳು ಆಯಿ.

"ಮುರದ್ರನ ಖಾತ್ರಿ ಆಯಿ. ಏನ್ ನಿನ್ನ ಬಂಗಾರ ಮುರದೇನು? ಬೆಂಡಿಕಾಯಿ!"

ತುದಿ ಮುರಿದ ಬೆಂಡೆ ಮಧ್ಯಾಹ್ನದೊಳಗೆ ಮುರಿದಲ್ಲಿ ಕಪ್ಪಾಗುತ್ತದೆ. ಕಪ್ಪಾದದ್ದನ್ನು ಯಾರು ಕೊಳ್ಳುತ್ತಾರೆ? ನೀವು ಕೊಳ್ಳುತ್ತೀರಾ? ಸಾಹುಕಾರನನ್ನು ನೋಡಿ ಊರೂ ಕಲಿಯಿತು. ಊರಿನ ಕೈಯೆಲ್ಲ ಮುರಿಯುವ ಕೈಯಾಯಿತು. ಆಯಿ ಪ್ರತಿ ಸಂತೆಯ ಸಂಜೆ ಅರ್ಧ ಬುಟ್ಟಿ ಬೆಂಡೆ ತಂದು ಎಮ್ಮೆಯ ಮುಂದೆ ಸುರಿಯುವಳು. ಎಮ್ಮೆಯೂ ಬೇಸತ್ತು ಮುಖ ತಿರುಗಿಸಿತಂತೆ.

ಹೀಗಿರುವಾಗ ಮಠದಲ್ಲಿ ಒಂದು ಸಭೆ. ಸಣ್ಣ ರೈತರನ್ನು ಉಳಿಸಬೇಕು ಎಂದು ಸಭೆ. ಅಧ್ಯಕ್ಷ ಯಾರು? ನಮ್ಮ ಸಾಹುಕಾರನೇ. "ನಮ್ಮೂರ ಕಾಯಿಪಲ್ಲೆ ನಮ್ಮೂರ ಮಂದಿನ ತಿನ್ನಬೇಕು" ಎಂದು ಗಂಟಲು ಉಬ್ಬಿಸಿ ಮಾತಾಡಿದ. ಚಪ್ಪಾಳೆ! ಆಯಿಗೆ ಔಷಧ ಹೊಡೆಯುವ ಹೊಸ ಪಂಪು ಕೊಟ್ಟ, ಶಾಲು ಹೊದಿಸಿದ, ಎರಡು ಮಾತು ಹೇಳು ಎಂದ. ಆಯಿ ಶಾಲು ತೆಗೆದು ಮಡಿಚಿದಳು. ಸಾಹುಕಾರನ ಮುಂದೆ ಹಿಡಿದಳು.

"ಪಂಪ್ ಕೊಟ್ರಿ, ಚಲೋ ಆತು. ಈ ಶಾಲಿಲೆ ನಿಮ್ಮ ಕೈ ಕಟ್ಟಿಬಿಡ್ರಿ ಸಾವ್ಕಾರ್ರ, ಸಂತಿ ಮುಗಿಯೂತನಕ."

ಸಭೆ ಹೊಟ್ಟೆ ಹಿಡಿದು ನಕ್ಕಿತು. ಸಾಹುಕಾರನೂ ನಕ್ಕ. ಆದರೆ ಮನೆಗೆ ಹೋಗುವಷ್ಟರಲ್ಲಿ ಆ ನಗು ಮುಳ್ಳಾಗಿ ಒಳಗೆ ಚುಚ್ಚತೊಡಗಿತು. ಇಷ್ಟು ಕೊಟ್ಟವನಿಗೆ ಹೀಗೆ ಅನ್ನುವುದೇ? ಮುಂದಿನ ಸಂತೆಗೆ ಹೋಗಿ ಮುದುಕಿಗೆ ನಾಲ್ಕು ಮಾತು ಆಡಲೇಬೇಕು ಎಂದುಕೊಂಡ. ಹೋದ. ಆಯಿಯ ಜಾಗ ಖಾಲಿ. ಅದರ ಮುಂದಿನ ಸಂತೆಗೂ ಖಾಲಿ. ಅವಳ ಜಾಗದಲ್ಲಿ ದೂರದ ಪೇಟೆಯಿಂದ ತಂದ ಬೆಂಡೆಯ ಚೀಲ ಸುರಿದುಕೊಂಡು ಒಬ್ಬ ದಲಾಲಿ ಕೂತಿದ್ದ. ಸಾಹುಕಾರ ಮುರಿದು ನೋಡಿದ. ಒಂದೂ ಚಟ್ ಎನ್ನಲಿಲ್ಲ. ಮೂರು ದಿನ ಮೂಟೆಯಲ್ಲಿ ಕೂತು ಬಂದದ್ದು ಎಲ್ಲಿಂದ ಚಟ್ ಎನ್ನಬೇಕು?

ಮರುದಿನ ಬೆಳಿಗ್ಗೆ ಅವನು ಕೆರೆಯ ಹಿಂದೆ ಹೋದ. ಹೋಗಿ ನೋಡಿದರೆ ಏನು? ಗಿಡ ಹಸಿರಾಗಿವೆ, ಹಳದಿ ಹೂವಿದೆ, ಕಾಯಿ ತುಂಬಿವೆ. ಆಯಿ ಕುಡಗೋಲು ಮಸೆಯುತ್ತಿದ್ದಾಳೆ.

"ಏನ್ ಮಾಡ್ತಿ ಆಯಿ?"

"ಗಿಡ ಕಡೀತೀನ್ರಿ. ಗೋವಿನಜ್ವಾಳ ಹಾಕ್ತೀನಿ. ಅದರ ತುದಿ ಯಾರೂ ಮುರಿಯೂದಿಲ್ಲ. ಲಾರಿ ಬರ್ತದ, ತುಂಬ್ಕೊಂಡು ಹೋಗ್ತದ."

"ಹುಚ್ಚೇನು ನಿನಗ? ಹೂವಿನ ಗಿಡ ಕಡೀತಾರ? ಊರು ಏನ್ ತಿನ್ನಬೇಕು?"

"ಊರು ಮುರದದ್ದನ್ನ ಇಷ್ಟು ದಿನ ನಮ್ಮೆಮ್ಮಿ ತಿಂದೈತಿ. ಈಗ ಲಾರಿ ತಂದದ್ದನ್ನ ಊರು ತಿನ್ನಲಿ."

ಸಾಹುಕಾರ ಹಿಡಿದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕೊನೆಗೆ, "ನಾ ಏನ್ ಮಾಡಬೇಕು, ಅದನರ ಹೇಳು," ಎಂದ.

"ಒಂದ ಸಂತಿ ನೀವು ಕಾಯಿ ಹರೀರಿ, ನೀವು ಮಾರ್ರಿ. ಆಮ್ಯಾಲೂ ಮುರಿಯೂದು ಸರಿ ಅನ್ನಿಸಿದ್ರ ಹೇಳ್ರಿ, ಕುಡಗೋಲು ಇಲ್ಲೇ ಇರ್ತದ. ಒಂದ ಮಾತು. ತಲೀಗೆ ಟವೆಲ್ ಸುತ್ಕೊಂಡು ಮಾರಿ ಮುಚ್ಕೊಂಡು ಕೂಡಬೇಕು. ಸಾವ್ಕಾರ್ರ ಮುಂದ ಯಾರೂ ಮುರಿಯೂದಿಲ್ಲ."

ನೋಡಿ, ಎಷ್ಟು ಬುದ್ಧಿವಂತೆ!

ಸಂತೆಯ ದಿನ ಬಂತು. ಇಬ್ಬನಿ ಆರುವ ಮೊದಲೇ ಸಾಹುಕಾರ ಸಾಲಿಗಿಳಿದ. ಬೆಂಡೆಗಿಡದ ಸುಂಕು ನಿಮಗೆ ಗೊತ್ತಲ್ಲ? ಎಲೆಯ ಮೇಲೆ, ಕಾಯಿಯ ಮೇಲೆ ಕಣ್ಣಿಗೆ ಕಾಣದ ಕೂದಲು. ಎರಡು ಸಾಲು ಮುಗಿಯುವಷ್ಟರಲ್ಲಿ ಮೊಣಕೈತನಕ ಉರಿ, ತುರಿಕೆ, ಕೆಂಪು ಗಂಧೆ. ಆಯಿ ತನ್ನ ಕೈಗೆ ಹಳೆಯ ಕಾಲುಚೀಲ ತೊಟ್ಟುಕೊಂಡು ಕಾಯಿ ಕೀಳುತ್ತಿದ್ದಳು. ಅವುಗಳ ಬೆರಳಿನ ಕಡೆಯೂ ಹರಿದಿತ್ತು. ಬಾಗಿದ ಸೊಂಟ ನೆಟ್ಟಗಾಗುವ ಮೊದಲೇ ಬುಟ್ಟಿ ತಲೆಗೇರಿತು.

ಸಂತೆಯಲ್ಲಿ ಕೂತ. ಬಂದರು ಜನ. ಒಬ್ಬರೂ ಮುಖ ನೋಡಲಿಲ್ಲ. ನಾವು ಕಾಯಿ ನೋಡುತ್ತೇವೆ, ತಕ್ಕಡಿಯ ಮುಳ್ಳು ನೋಡುತ್ತೇವೆ. ಮಾರುವವರ ಮುಖ ಯಾವತ್ತು ನೋಡಿದ್ದೇವೆ? ಚಟ್. ಸಾಹುಕಾರನ ಬೆನ್ನಲ್ಲಿ ಏನೋ ಜಗ್ಗಿದಂತಾಯಿತು. ಚಟ್, ಚಟ್. ಈ ಕಾಯಿ ಮೂರನೆಯ ಸಾಲಿನದು, ಅದನ್ನು ಹರಿಯುವಾಗಲೇ ಮುಂಗೈ ಗೀರಿತ್ತು. ಈಗ ತುದಿ ಮುರಿದುಕೊಂಡು, ಡೊಂಕೆಂದು ವಾಪಸ್ಸು ಬಂದು ಗುಡ್ಡೆಯಲ್ಲಿ ಬಿದ್ದಿದೆ. ಆಯಿ ಪಕ್ಕದಲ್ಲಿ ತಕ್ಕಡಿ ಹಿಡಿದು ಕೂತು ಮುಂದಿನವರಿಗೆ ತೂಗಿದಳು.

ಬಿಸಿಲು ಏರಿದಾಗ ಬಂದವಳು ಒಬ್ಬ ಗೃಹಿಣಿ. ಕೈತುಂಬ ಹಸಿರು ಬಳೆ. ಕೂತಳು, ಎತ್ತಿದಳು, ಚಟ್. ಎತ್ತಿದಳು, ಚಟ್. ಹತ್ತು ಮುರಿದಳು, ಡೊಂಕು, ದಪ್ಪ ಎಂದು ಎಂಟು ವಾಪಸ್ಸು ಹಾಕಿ ಎರಡು ಇಟ್ಟುಕೊಂಡಳು. ಸಾಹುಕಾರ ಆ ಬಳೆಗಳನ್ನೇ ನೋಡುತ್ತಿದ್ದ. ತಾನೇ ತಂದುಕೊಟ್ಟ ಬಳೆ ಯಾರಿಗೆ ಗುರುತು ಸಿಗುವುದಿಲ್ಲ? ಅವನು ಮನೆಯಲ್ಲಿಲ್ಲವೆಂದು ಇವತ್ತು ಹೆಂಡತಿಯೇ ಚೀಲ ಹಿಡಿದು ಬಂದಿದ್ದಳು.

"ಯವ್ವಾ, ಮುರೀಬ್ಯಾಡ," ಎಂದ, ದನಿ ಬದಲಿಸಿ.

ಅವಳು ತಲೆ ಎತ್ತಲಿಲ್ಲ. "ಮುರದ್ರನ ಖಾತ್ರಿ. ನಮ್ಮ ಮನಿಯವರು ಹೇಳ್ಯಾರ. ಅವರಷ್ಟು ಬೆಂಡಿಕಾಯಿ ತಿಳದವರು ಈ ಊರಾಗ ಯಾರದಾರ?"

ಸಾಹುಕಾರ ಟವೆಲ್ ಬಿಚ್ಚಿದ.

"ನಿಮ್ಮ ಮನಿಯವರು ತಪ್ಪು ಹೇಳ್ಯಾರ."

ಅವಳು ತಲೆ ಎತ್ತಿದಳು. ಕೈಯಲ್ಲಿದ್ದ ಬೆಂಡೆ ಕೈಯಲ್ಲೇ ಉಳಿಯಿತು. ಗಂಡನ ಮುಖ ನೋಡಿದಳು, ಅವನ ಕೈಯ ಮೇಲಿನ ಗಂಧೆ ನೋಡಿದಳು, ಮುರಿದು ಬಿದ್ದ ತುದಿಗಳನ್ನು ನೋಡಿದಳು. "ಅಯ್ಯ ಶಿವನ, ನೀವು ಇಲ್ಲಿ!" ಎಂದಳು. ಸುತ್ತ ಜನ ಸೇರಿತು. ನಾಚಿಕೆಯಿಂದ ಅವನು ಎದ್ದು ಓಡಬಹುದಿತ್ತು. ಓಡಲಿಲ್ಲ. ಹೆಂಡತಿಯ ಚೀಲ ಇಸಿದುಕೊಂಡು, ಮುರಿದದ್ದನ್ನೆಲ್ಲ, ಅವಳು ಮುರಿದದ್ದು, ಊರು ಮುರಿದದ್ದು, ಒಂದೂ ಬಿಡದೆ ತುಂಬಿದ. ಒಳ್ಳೆಯದರ ದರವನ್ನೇ ಆಯಿಯ ಕೈಗೆ ಕೊಟ್ಟ. "ಮುರದವರು ಒಯ್ಯಬೇಕು. ಇದು ನನ್ನಿಂದ ಸುರು," ಎಂದ. ಆ ವಾರವೆಲ್ಲ ಅವನ ಮನೆಯಲ್ಲಿ ಬೆಂಡೆಯ ಪಲ್ಲೆ, ಬೆಂಡೆಯ ಸಾರು, ಬೆಂಡೆಯ ಗೊಜ್ಜು!

ಸಂಜೆ ಆಯಿಯನ್ನು ಕೇಳಿದ: "ಕುಡಗೋಲು ಒಳಗಿಡ್ತಿ ಹೌದಲ್ಲ?"

ಆಯಿ ಏನಂದಳು ಗೊತ್ತೇ? "ಒಬ್ಬರ ಕೈ ತಿದ್ದಿದ್ರ ಹೊಲ ಉಳಿಯೂದಿಲ್ಲ ಸಾವ್ಕಾರ್ರ. ಮುಂದಿನ ಸಂತೀತನಕ ಗಿಡ ನಿಲ್ಲಸ್ತೀನಿ. ಆಮ್ಯಾಲ ನಿಮ್ಮೂರ ಕೈ ನೋಡಿ ಹೇಳ್ತೀನಿ."

ಮುಂದೆ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಮುಂದಿನ ಸಂತೆ ನಾಳೆಯೇ ಇದೆ. ನಿಮ್ಮದೇ ಊರಿನ ಸಂತೆ!

ಈಗ ಯಾಕೆ ಯಾರೂ ನಗುತ್ತಿಲ್ಲ? ನಿನ್ನೆ ಮೊನ್ನೆ ಬೆಂಡೆ ಕೊಂಡವರು ಕೈ ಎತ್ತಿ ಎಂದರೆ ಎಲ್ಲ ಕೈಗಳೂ ಮೇಲೇಳುತ್ತವೆ. ಮುರಿಯದೆ ಕೊಂಡವರು ಎತ್ತಿ ಎಂದರೆ? ನನಗೆ ಸಿಟ್ಟು ಬರುತ್ತದೆ, ಶರಣರೆ. ಸಭೆಯಲ್ಲಿ ಶಾಲು ಹೊದಿಸುವ ಕೈ, ಸಂತೆಯಲ್ಲಿ ತುದಿ ಮುರಿಯುವ ಕೈ, ಎರಡೂ ಒಂದೇ ಕೈ! ಅಲ್ಲಿ ಪುಣ್ಯ ಕಟ್ಟಿಕೊಂಡೆವೆಂದು ಇಲ್ಲಿ ಕಿತ್ತುಕೊಳ್ಳುತ್ತೇವಲ್ಲ, ಇದಕ್ಕೆ ಯಾವ ದೇವರು ಒಪ್ಪುತ್ತಾನೆ?

ಮುರಿಯುವುದು ಬಿಟ್ಟರೆ ನಿಮಗೇನೂ ನಷ್ಟವಿಲ್ಲ ಎಂದು ಈ ಗದ್ದುಗೆಯ ಮುಂದೆ ನಿಂತು ನಾನು ಸುಳ್ಳು ಹೇಳುವುದಿಲ್ಲ. ನಷ್ಟ ಇದೆ. ಮುರಿಯದೆ ತಂದರೆ ಹತ್ತರಲ್ಲಿ ಒಂದು ಬಲಿತದ್ದು ಬರುತ್ತದೆ. ಮನೆಯಲ್ಲಿ ಯಾರೋ ಗೊಣಗುತ್ತಾರೆ. ಗೊಣಗಲಿ. ಡೊಂಕು ಬದನೆ ಬರುತ್ತದೆ, ಸೊಪ್ಪಿನಲ್ಲಿ ಹುಳ ತಿಂದ ತೂತು ಇರುತ್ತದೆ. ಕೆಲವೊಮ್ಮೆ ಎರಡು ರೂಪಾಯಿ ಹೆಚ್ಚೂ ಬೀಳುತ್ತದೆ. ಮಳೆ ಹೆಚ್ಚಾದ ವಾರ ಆಯಿಯ ಬುಟ್ಟಿಯಲ್ಲಿ ಏನೂ ಇರುವುದಿಲ್ಲ. ಆ ವಾರ ಕಾಳು ಕುದಿಸಿ ಉಣ್ಣಬೇಕು. ಇಷ್ಟು ನಷ್ಟ. ಲಾಭ ಏನು? ಬೆಳಿಗ್ಗೆ ಗಿಡದಲ್ಲಿದ್ದದ್ದು ಮಧ್ಯಾಹ್ನ ನಿಮ್ಮ ಗಂಗಾಳದಲ್ಲಿ. ಲಾರಿ ಬಾರದ ದಿನವೂ ಊರಿಗೆ ಪಲ್ಲೆ. ಕೆರೆಯ ಹಿಂದೆ ಹೂವಿರುವ ಇಪ್ಪತ್ತು ಗುಂಟೆ, ಅದರೊಳಗೆ ತಲೆ ಎತ್ತಿ ನಿಂತ ಒಬ್ಬ ಆಯಿ. ತೂಗಿ ನೋಡಿ. ಯಾವ ಕಡೆ ಭಾರ?

ನಾಳೆ ಸಂತೆಗೆ ಹೋಗುತ್ತೀರಿ. ಹೋಗಿ ಕೂತ ಕೂಡಲೇ ಮೊದಲು ಮುಖ ನೋಡಿ, ಆಮೇಲೆ ಕಾಯಿ ನೋಡಿ. ಎಳೆಯದು ಯಾವುದು ಎಂದು ಬೆಳೆದವರನ್ನೇ ಕೇಳಿ. ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅಭ್ಯಾಸಬಲದಿಂದ ಬೆರಳು ಮುರಿದೇ ಬಿಟ್ಟಿತೋ, ಆ ಕಾಯಿ ನಿಮ್ಮದು. ವಾಪಸ್ಸು ಇಡಬೇಡಿ, ಚೀಲಕ್ಕೆ ಹಾಕಿ, ಪೂರ್ತಿ ದರ ಕೊಡಿ. ತೂಗಿದ ಮೇಲೆ ಕೊಸರಿಗೆ ಅಂತ ಇನ್ನೊಂದು ಹಿಡಿಗೆ ಕೈ ಹಾಕಬೇಡಿ. ಪಕ್ಕದವರು ಮುರಿದರೆ ಸುಮ್ಮನಿರಬೇಡಿ, ಆ ಕೈ ಹಿಡಿಯಿರಿ.

ಅಲ್ಲಿ ಆಯಿಯ ಕುಡಗೋಲು ಮಸೆದು ಸಿದ್ಧವಾಗಿದೆ. ಅದು ಗಿಡಕ್ಕೆ ಬೀಳಬೇಕೋ ಬೇಡವೋ ಎಂಬುದು ನಾಳೆ ಬೆಳಿಗ್ಗೆ ನಿಮ್ಮ ಹೆಬ್ಬೆರಳು, ತೋರುಬೆರಳುಗಳ ನಡುವೆ ಇರುತ್ತದೆ. ಬೆರಳು ಸಡಿಲಿಸಿ.