ವಿಭೂತಿಯಲ್ಲಿ ತಿಕ್ಕಿದ ಪದಕ

೧೯೭೪ರ ಒಂದು ಶನಿವಾರ ಮ್ಯಾನ್‌ಹಟನ್ನಿನಲ್ಲಿ ಬಸ್ಸಿಗೆ ಕಾದು ನಿಂತಿದ್ದ ವಿಶಾಲಾಕ್ಷಿಯ ಕಿವಿಗೆ ಪಕ್ಕದ ನ್ಯೂಜೆರ್ಸಿ ಬಸ್ಸಿನ ಸಾಲಿನಿಂದ ಕನ್ನಡ ಬಿದ್ದಿತು. ನೋಡಿದರೆ ಎಳೆಯ ದಂಪತಿ, ಹೆಂಡತಿಯ ಅಂಗೈಯಲ್ಲಿ ಕರವಸ್ತ್ರದ ಪೊಟ್ಟಣ. ಮಾತಾಡಿಸಲು ಹೊರಟವಳು ಅವರ ಬಾಡಿದ ಮುಖ ಕಂಡು ತನ್ನ ಸಾಲಿನಲ್ಲೇ ನಿಂತಳು.

“ಬೆಳ್ಳಿ ಅಂಗಡಿಯವನು ಏನಂದ, ಸರಿಯಾಗಿ ಹೇಳಿ ರೀ.”

“ಪದಕದ ಅಕ್ಷರದೊಳಗಿದ್ದ ಕಪ್ಪಿನಿಂದಲೇ ಹೆಸರು ಓದೋಕಾಗ್ತಿತ್ತಂತೆ. ಅದನ್ನ ಮತ್ತೆ ತುಂಬೋಕಾಗಲ್ವಂತೆ.”

“ಬೆಳ್ಳಿ ಕಪ್ಪಾದ್ರೆ ವಿಭೂತೀಲಿ ತಿಕ್ಕಲ್ವಾ? ದೇವರ ಮುಂದೆ ಇಡೋದನ್ನ ಹಾಗೇ ಇಡ್ಲಾ?”

“ಅದೇನು ನಮ್ಮನೆ ದೀಪದ ಕಂಬವಾ, ಅಂಬುಜಾ? ಬಾಡಿಗೆ ಮನೆ ಓನರಮ್ಮನ ವಂಶದ ಡಚ್ ಹಿರಿಯರು ಮದುವೆಯಾಗಿ ಇಪ್ಪತ್ತೈದು ವರ್ಷವಾದಾಗ ಮಾಡಿಸಿದ ಪದಕ. ಮುನ್ನೂರು ವರ್ಷ ಯಾರೂ ತಿಕ್ಕಿರಲಿಲ್ಲ.”

“ನಮ್ಮ ಮದುವೆಗೆ ವರ್ಷ ತುಂಬ್ತು ಅಂತ, ಒಂದು ದಿನ ಮನೇಲಿಟ್ಕೊಳ್ಳಿ, ಒಳ್ಳೇದಾಗುತ್ತೆ ಅಂತ ಕೊಟ್ರು ಪಾಪ. ಈಗ ಹೆಸರೆಲ್ಲಿ ಅಂತ ಕೇಳಿದ್ರೆ?”

“ಆ ಗಂಡಹೆಂಡತಿ ಕೈ ಹಿಡಿದಿರೋ ಚಿತ್ರ ಇನ್ನೂ ಕಾಣುತ್ತಲ್ಲ.”

“ಕೈ ಯಾರದ್ದಾದ್ರೂ ಆಗಬಹುದು ರೀ.”

ಅವರ ಬಸ್ಸು ಬಂದು ನಿಂತಿತು. ಗಂಡ ಕೈ ಚಾಚಿದ.

“ಕೊಡಿಲ್ಲಿ. ನಾನೇ ತಿಕ್ಕಿದೆ ಅಂತೀನಿ.”

“ಒಂದು ಲೋಟ ತೊಳೆದವರಲ್ಲ ನೀವು. ಅವರು ನಂಬ್ತಾರಾ? ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ನಿಂತಿರಿ, ಸಾಕು.”

ಅವರ ಮೇಲೆ ಆ ಓನರಮ್ಮನ ಮನಸ್ಸು ಮೆತ್ತಗಾಗಲೆಂದು ವಿಶಾಲಾಕ್ಷಿ ಒಳಗೊಳಗೇ ದೇವರನ್ನು ಬೇಡಿಕೊಂಡಳು. ಅಂಬುಜಾ ಪೊಟ್ಟಣ ಕೊಡಲಿಲ್ಲ. ಚಾಚಿದ್ದ ಆ ಕೈಯನ್ನು ಹಿಡಿದುಕೊಂಡು ಬಸ್ಸು ಹತ್ತಿದಳು.