ಮೂರು ನಿಮಿಷದ ಗಂಟೆ ಮತ್ತು ನಮ್ಮ ಹೊಳೆ

ಸಭೆಯ ಅಧ್ಯಕ್ಷತೆ ವಹಿಸಿರುವ ಪಂಚಾಯತಿನ ನಳಿನಾಕ್ಷಿಯವರೇ, ಉಡುಪಿಯಿಂದ ಬಂದಿರುವ ಅಧಿಕಾರಿಗಳೇ, ಎರ್ಮಾಳಿನ ಸಭಿಕರೇ, ಇಂದಾದರೂ ಮುಂದಿನ ಸಾಲಿನಲ್ಲಿ ಕುಳಿತಿರುವ, ಹೊಳೆಯ ಮರಳಿನಿಂದ ಮರುವಾಯಿ ಚಿಪ್ಪುಮೀನು ಹೆಕ್ಕುವ ತಾಯಂದಿರೇ,

ಹೊಳೆ ಸಮಿತಿಯನ್ನು ಐದು ವರ್ಷ ನಡೆಸಿದವನೆಂದು ನನಗೆ ಶಾಲು ಹೊದಿಸಿದ್ದೀರಿ. ಕರಾವಳಿಯ ಸೆಕೆಯಲ್ಲಿ ಶಾಲು ಸನ್ಮಾನವೋ ಶಿಕ್ಷೆಯೋ ಎಂದು ಹಿಂದೆ ನಾನೇ ತಮಾಷೆ ಮಾಡುತ್ತಿದ್ದೆ. ಇಂದು ಶಿಕ್ಷೆಯೆಂದೇ ಸ್ವೀಕರಿಸುತ್ತೇನೆ.

ಕಾರ್ಕಳದ ಕಾಲೇಜಿನಲ್ಲಿ ನಾನು ಚರ್ಚಾಪಟು. ಸತತ ಮೂರು ವರ್ಷ ಫಲಕ ಗೆದ್ದವನು. ಮುಂದೆ ಮುಖ್ಯೋಪಾಧ್ಯಾಯನಾದೆ. ಚರ್ಚೆಯಲ್ಲಿ ಮೂರು ನಿಮಿಷಕ್ಕೆ ಬಾರಿಸುವ ಹಿತ್ತಾಳೆಯ ಗಂಟೆಯನ್ನು ಈ ಸಮಿತಿಯ ಮೇಜಿಗೂ ತಂದಿಟ್ಟೆ. ಶಿಸ್ತಿಲ್ಲದ ಸಭೆ ಸಂತೆಯಲ್ಲವೇ?

ಐದು ವರ್ಷಗಳ ಹಿಂದೆ ಇದೇ ಸಭಾಂಗಣದಲ್ಲಿ ಹೊಳೆಗೆ ನಿಯಮ ಬರೆಯಲು ಕುಳಿತೆವು. ಕಡಲಿನಲ್ಲಿ ಜೂನ್, ಜುಲೈ ಮೀನುಗಾರಿಕೆಗೆ ನಿಷೇಧವುಂಟು, ಹೊಳೆಗೂ ಅದೇ ಇರಲಿ ಎಂದು ಮಂಡಿಸಿದೆ. ಒಂದೇ ನೀರು, ಒಂದೇ ನಿಯಮ ಎಂದೆ. ಎಷ್ಟು ಚೆಂದದ ವಾಕ್ಯ! ಚಪ್ಪಾಳೆಯೂ ಬಿತ್ತು.

ಆಗ ನನ್ನ ಮಗಳು ಆಶ್ರಿತಾ ಎದ್ದು ನಿಂತಳು. ಮಣಿಪಾಲದಲ್ಲಿ ಓದುತ್ತಿದ್ದವಳು, ರಜೆ ಸಿಕ್ಕಿದರೆ ಮರುವಾಯಿ ಹೆಕ್ಕುವ ಈ ಗುಣವತಿಯವರ ಜೊತೆ ಮೊಣಕಾಲುದ್ದ ನೀರಿನಲ್ಲಿರುತ್ತಿದ್ದಳು. ಕಡಲು ಬಂದ್ ಆದ ತಿಂಗಳುಗಳಲ್ಲೇ ಈ ಮನೆಗಳ ಒಲೆಗೆ ಹೊಳೆ ಬೇಕು ಎಂದಳು. ಮರುವಾಯಿಗೆ ಹಾಲು ತುಂಬುವ, ಅಂದರೆ ಅದು ಮರಿಮಾಡುವ ಕಾಲ ಬೇರೆಯೇ, ಆಗ ಯಾರೂ ಹೇಳದೆ ಈ ಹೆಂಗಸರು ಬುಟ್ಟಿ ಕವುಚಿಡುತ್ತಾರೆ ಎಂದಳು. "ಅದು ಯಾವಾಗ ಅಂತ ಗುಣವತಿಯಕ್ಕನಲ್ಲಿ ಕೇಳಿ ಅಪ್ಪ. ಅವರು..."

ನಾನು ಗಂಟೆ ಬಾರಿಸಿದೆ. ಮೂರು ನಿಮಿಷ ಮುಗಿದಿತ್ತು. ಮಗಳೆಂದು ರಿಯಾಯಿತಿ ಕೊಡಲಿಲ್ಲವೆಂದು ಅನೇಕರು ಮೆಚ್ಚಿದರು. ನಾನೂ ಮೆಚ್ಚಿಕೊಂಡೆ.

ಮುಂದೇನಾಯಿತು? ಮಳೆಗಾಲದಲ್ಲಿ ಮನೆಯ ಸಾರಿಗೆಂದು ಹೆಕ್ಕಿದ ಗುಣವತಿಯವರ ಬುಟ್ಟಿಯನ್ನು ನನ್ನ ನಿಯಮ ಹೊಳೆಗೆ ಸುರಿಸಿತು. ದೀಪಾವಳಿ ಕಳೆದು ಮರುವಾಯಿಗೆ ಹಾಲು ತುಂಬಿದಾಗ, ಈಗ ನಿಷೇಧವಿಲ್ಲವೆಂಬ ಅದೇ ನಿಯಮದ ಧೈರ್ಯದಲ್ಲಿ ಹೊರಗಿನ ದೋಣಿಗಳು ಬಂದು ತಳ ಬಾಚಿದವು. ಕಳೆದ ವರ್ಷದ ಹೊತ್ತಿಗೆ ಹೊಳೆಯಲ್ಲಿ ಬರಿಯ ಒಡೆದ ಚಿಪ್ಪು.

ಕಳೆದ ವರ್ಷವೇ ಆಶ್ರಿತಾ ತೀರಿಕೊಂಡಳು. ರಕ್ತದ ಕಾಯಿಲೆ, ಏಳು ವಾರ. ಆಸ್ಪತ್ರೆಯ ಮಂಚದಿಂದ ಒಂದು ಸಂಜೆ, "ಅಪ್ಪ, ಕೇಳಿದ್ರಾ?" ಎಂದಳು. ಗುಣವತಿಯವರಲ್ಲಿ ಏನನ್ನೆಂದು ನನಗೆ ಗೊತ್ತಿತ್ತು. ಮೊದಲು ಗುಣವಾಗು, ಮತ್ತೆ ನೋಡುವ ಎಂದೆ. ಚರ್ಚೆಯಲ್ಲಿ ಇದನ್ನು ನುಣುಚಿಕೊಳ್ಳುವುದು ಎನ್ನುತ್ತಾರೆ.

ಉತ್ತರಕ್ರಿಯೆ ಮುಗಿದ ಮರುದಿನ ಗುಣವತಿಯವರ ಅಂಗಳಕ್ಕೆ ಹೋದೆ. ಅಂದು ನೀವಾದರೂ ಎದ್ದು ಹೇಳಬಾರದಿತ್ತೇ ಎಂದು ಕೇಳಿದೆ. ಅಲ್ಲಿಯೂ ತಪ್ಪನ್ನು ಎದುರಾಳಿಯ ಮೇಲೆ ಹೊರಿಸುವ ಅಭ್ಯಾಸ ನೋಡಿ.

"ಸ್ವಂತ ಮಗಳಿಗೇ ಗಂಟೆ ಹೊಡೆದ್ರಿ ಮಾಸ್ಟ್ರೇ," ಎಂದರು ಅವರು. "ಮತ್ತೆ ನಾವು ಎಂತ ಹೇಳುವುದು?"



ಇಂದಿನ ಹೊಸ ಸಮಿತಿಯ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಹೊಳೆಗಿಳಿಯುವವರು. ಆದರೂ ಅಧ್ಯಕ್ಷ ಸ್ಥಾನದೆದುರು ಮತ್ತೆ ನನ್ನ ಹೆಸರನ್ನೇ ಬರೆದಿದ್ದೀರಿ. ದಯವಿಟ್ಟು ಅದನ್ನು ಹೊಡೆದುಹಾಕಿ.

ಗುಣವತಿಯವರೇ, ಮೇಲೆ ಬನ್ನಿ. ನನ್ನ ಮಗಳ ಮಾತು "ಅವರು" ಎಂಬಲ್ಲಿ ನಿಂತಿದೆ. ಅಲ್ಲಿಂದ ಮುಂದೆ ನೀವು ಹೇಳಿ, ಅಧಿಕಾರಿಗಳು ಬರೆದುಕೊಳ್ಳಲಿ. ಮೇಜಿನ ಮೇಲೆ ಗಂಟೆಯನ್ನು ಹುಡುಕಬೇಡಿ. ಅದು ನನ್ನ ಜೇಬಿನಲ್ಲಿ ಉಂಟು.

ಕೇಳಿಸಿಕೊಳ್ಳದ ನನ್ನನ್ನು ಇಷ್ಟು ಹೊತ್ತು ಕೇಳಿಸಿಕೊಂಡಿರಿ. ಕೃತಜ್ಞ. ನಮಸ್ಕಾರ.